ಮೂಲಪಾಠವೂ ಪ್ರಕ್ಷೇಪವೂ: ಇಟಲಿಯ ಹಳೆಯ ಕ್ರೀಡಾಕಾರುಗಳ ಸ್ವರೂಪವಿಚಾರ

1962ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯಕ್ಕೆ, ಮುಂಭಾಗವು ಬಾಣದಂತೆ ಚೂಪಾಗಿದ್ದು ಹಿಂಭಾಗವು ರೊಟ್ಟಿ ಸಾಗಿಸುವ ಬಂಡಿಯಂತೆ ಚೌಕವಾಗಿ ಕೊನೆಗೊಳ್ಳುತ್ತಿದ್ದ ಫೆರಾರಿಯೊಂದು ಬಂದು ನಿಂತಿತು. ಇಂಗ್ಲಿಷ್ ಪತ್ರಕರ್ತರು ಅದನ್ನು ‘ಬ್ರೆಡ್‌ವ್ಯಾನ್’ ಎಂದು ಕರೆದು ನಕ್ಕರು. ಅದರ ಚಾಸಿಯ ಸಂಖ್ಯೆ 2819. 1961ರಲ್ಲಿ ಮಾರನೆಲ್ಲೊ ಕಾರ್ಖಾನೆಯಿಂದ ಹೊರಬಿದ್ದಾಗ ಅದು 250 ಜಿ.ಟಿ. ಬೆರ್ಲಿನೆತ್ತಾ ಎಂಬ, ಕಣ್ಣಿಗೆ ಹಬ್ಬವಾದ ಜಾತಿಗೆ ಸೇರಿದುದಾಗಿದ್ದಿತು. ಒಡೆಯನಾದ ಕೌಂಟ್ ಜೊವಾನ್ನಿ ವೋಲ್ಪಿಯು, ಫೆರಾರಿ ಸಂಸ್ಥೆಯೊಡನೆ ಜಗಳವಾಡಿ ಹೊರಬಂದ ಎಂಜಿನಿಯರುಗಳ ಹೊಸ ಉದ್ಯಮಕ್ಕೆ ಹಣವೊದಗಿಸಿದುದರಿಂದ ಕುಪಿತನಾದ ಎಂಜೊ ಫೆರಾರಿ, ಆಗತಾನೆ ಸಿದ್ಧವಾಗಿದ್ದ ಜಿ.ಟಿ.ಓ. ಕಾರನ್ನು ಅವನಿಗೆ ಮಾರಲಾರೆನೆಂದನು. ಆಗ ವೋಲ್ಪಿಯು, ಆ ಜಿ.ಟಿ.ಓ.ವನ್ನೇ ರೂಪಿಸಿ ಅದೇ ಜಗಳದಲ್ಲಿ ಕೆಲಸ ಬಿಟ್ಟಿದ್ದ ಜ್ಯೊತ್ತೊ ಬಿಜ್ಜರಿನಿಯ ಕೈಗೆ ತನ್ನ ಹಳೆಯ ಕಾರನ್ನು ಒಪ್ಪಿಸಿದನು. ಬಿಜ್ಜರಿನಿಯು ಎಂಜಿನ್ನನ್ನು ಕೆಳಕ್ಕೂ ಹಿಂದಕ್ಕೂ ಸರಿಸಿದನು. ಮೊದೆನಾದ ಪಿಯೆರೊ ದ್ರೋಗೊವಿನ ಕಮ್ಮಟದಲ್ಲಿ ಅದಕ್ಕೆ ಹೊಸ ಕವಚ ಹೊದಿಸಿದರು. ಜಿ.ಟಿ.ಓ.ಗಳನ್ನು ಹಿಂದೆ ಹಾಕಿ ಓಡುತ್ತಿದ್ದ ಆ ಬಂಡಿಯು ನಾಲ್ಕನೆಯ ಗಂಟೆಯಲ್ಲಿ ಚಾಲಕದಂಡ ಮುರಿದು ನಿಂತುಹೋಯಿತು.

ಈ ಕಾರಿನ ಮೂಲರೂಪ ಯಾವುದು? ಕಾರ್ಖಾನೆಯ ದಾಖಲೆಯಲ್ಲಿರುವ 1961ರ ರೂಪವೆನ್ನುವುದಾದರೆ, ಇಂದು ಜಗತ್ತು ಯಾವುದನ್ನು ನೋಡಲು ಹಾತೊರೆಯುತ್ತದೆಯೋ ಆ ಚೌಕಬಾಲದ ಕವಚವನ್ನು ಕಿತ್ತೆಸೆಯಬೇಕಾದೀತು. 1962ರ ರೂಪವೆನ್ನುವುದಾದರೆ, ವೇಗವನ್ನು ಹೆಚ್ಚಿಸುವುದಕ್ಕಾಗಿ ಮಾಡಿದ ಮಾರ್ಪಾಟೇ ಮೂಲವೆಂದು ಒಪ್ಪಿದಂತಾಯಿತು. ಹಳೆಯ ಇಟಾಲಿಯನ್ ಕ್ರೀಡಾಕಾರುಗಳನ್ನು ಸಂಗ್ರಹಿಸುವವರ ನಡುವೆ ಎಷ್ಟೋ ಕಾಲದಿಂದ ನಡೆದುಬಂದಿರುವ ವಿವಾದವೆಲ್ಲ ಈ ಒಂದು ಚಾಸಿಯಲ್ಲಿ ಅಡಕವಾಗಿದೆ. ಒಂದು ಪಕ್ಷದವರಿಗೆ ಕಾರ್ಖಾನೆಯ ತಿರುಪೊಂದು ಬದಲಾದರೂ ವ್ರತಭಂಗ. ಇನ್ನೊಂದು ಪಕ್ಷದವರಿಗೆ, ಓಡುವುದಕ್ಕೆಂದೇ ಹುಟ್ಟಿದ ಯಂತ್ರವು ಇನ್ನೂ ಚೆನ್ನಾಗಿ ಓಡುವಂತೆ ಮಾಡುವುದೇ ಅದಕ್ಕೆ ಸಲ್ಲಿಸುವ ಪೂಜೆ. ಎರಡು ಪಕ್ಷಗಳೂ ‘ಮೂಲ’ವೆಂಬ ಶಬ್ದವನ್ನು ವಿಮರ್ಶಿಸದೆ ಬಳಸುತ್ತಿವೆಯೆಂಬುದು ನನ್ನ ಅಭಿಪ್ರಾಯ.

ಓಲೆಗರಿಯ ಕಟ್ಟುಗಳನ್ನು ಪರಿಷ್ಕರಿಸಿದವರಿಗೆ ಈ ಕಷ್ಟ ಹೊಸದಲ್ಲ. ಕವಿಯೇ ತನ್ನ ಕೃತಿಯನ್ನು ಎರಡನೆಯ ಸಲ ತಿದ್ದಿದ್ದರೆ ಆ ತಿದ್ದುಪಾಟನ್ನು ಸಂಪಾದಕನು ಪಾಠಾಂತರವೆಂದು ಗೌರವಿಸುತ್ತಾನೆ. ನೂರು ವರ್ಷಗಳ ಮೇಲೆ ಬಂದ ಲಿಪಿಕಾರನು ತನಗೆ ತೋರಿದ ಪದ್ಯವೊಂದನ್ನು ಗುಟ್ಟಾಗಿ ಸೇರಿಸಿದ್ದರೆ, ಅದು ಎಷ್ಟೇ ಸರಸವಾಗಿದ್ದರೂ, ಪ್ರಕ್ಷೇಪವೆಂದು ಬೇರ್ಪಡಿಸುತ್ತಾನೆ. ಪಾಠಾಂತರಕ್ಕೂ ಪ್ರಕ್ಷೇಪಕ್ಕೂ ಇರುವ ಭೇದವು ಗುಣದೋಷಗಳ ಭೇದವಲ್ಲ. ಯಾರ ಕೈ, ಯಾವ ಕಾಲ, ಹೇಳಿ ಮಾಡಿದುದೋ ಹೇಳದೆ ಮಾಡಿದುದೋ ಎಂಬುದರ ಭೇದ. ಕಾರುಗಳ ವಿಷಯದಲ್ಲಿಯೂ ಇದೇ ವಿವೇಕವು ಸಲ್ಲುವುದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದಾಗಿ ಗಮನಿಸಬೇಕಾದುದೇನೆಂದರೆ, ಇಟಲಿಯಲ್ಲಿ ಮಾರ್ಪಾಟೆಂಬುದು ಕಾರು ಹಳತಾದ ಮೇಲೆ ಹೊರಗಿನಿಂದ ಬಂದ ಚಪಲವಲ್ಲ. ಅಲ್ಲಿ ಅದಕ್ಕೆ ‘ಎಲಾಬೊರಾತ್ಸಿಯೋನೆ’ ಎಂಬ ಹೆಸರುಂಟು. ಆ ವೃತ್ತಿಯವರಿಗೆ ‘ಎಲಾಬೊರಾತೋರೆ’ ಎಂಬ ಬಿರುದುಂಟು. ಟೂರಿನ್, ಮೊದೆನಾ, ರೋಮ್ ನಗರಗಳ ಓಣಿಗಳಲ್ಲಿ ಕೊನ್ರೆರೊ, ಸ್ಟಾಂಗ್ವೆಲ್ಲಿನಿ, ಜಾನ್ನಿನಿ ಮೊದಲಾದವರು, ಬಡವನ ಕಾರನ್ನು ಪಂದ್ಯದ ಕುದುರೆಯಾಗಿಸುವ ಈ ಕಲೆಯಲ್ಲಿ ಬಾಳುವೆ ಸವೆಸಿದರು. ಅವರೆಲ್ಲರಿಗಿಂತ ಹೆಸರಾದವನು, 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ತನ್ನ ಜನ್ಮರಾಶಿಯಾದ ವೃಶ್ಚಿಕವನ್ನೇ ಲಾಂಛನವಾಗಿ ಧರಿಸಿದ ಕಾರ್ಲೊ ಅಬಾರ್ತ್. ಚಿಸಿತಾಲಿಯಾ ಎಂಬ ಸಂಸ್ಥೆ ಮುಳುಗುವ ಹೊತ್ತಿಗೆ ಅದರ ಅವಶೇಷಗಳೊಡನೆ 1949ರಲ್ಲಿ ತನ್ನ ಉದ್ಯಮವನ್ನು ಹೂಡಿದ ಇವನು, ಹೊಗೆಕೊಳವೆಗಳಿಂದ ಆರಂಭಿಸಿ, ಫಿಯಾಟ್ ಕಾರುಗಳನ್ನು ಚುರುಕುಗೊಳಿಸುವ ಸಾಮಗ್ರಿಯನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ತುಂಬಿ ಮಾರತೊಡಗಿದನು. 1957ರಲ್ಲಿ ಹೊರಬಂದ ಫಿಯಾಟ್ 500 ಎಂಬ ಪುಟ್ಟ ಕಾರಿನ ಎಂಜಿನ್ನು 479 ಘನ ಸೆಂಟಿಮೀಟರಿನದು, ಅದರ ಶಕ್ತಿ 13 ಅಶ್ವಶಕ್ತಿ. ಅದೇ ಕಾರಿನಿಂದ 1963ರಲ್ಲಿ ಅಬಾರ್ತ್ ಸಿದ್ಧಪಡಿಸಿದ 595ರ ಶಕ್ತಿ 27. ಅವನ ಪಂದ್ಯದ ಕಾರುಗಳು ಹಿಂಬದಿಯ ಎಂಜಿನ್ನಿಗೆ ಗಾಳಿಯಾಡಲೆಂದು ಮುಚ್ಚಳವನ್ನು ಸದಾ ತೆರೆದುಕೊಂಡೇ ಓಡುತ್ತಿದ್ದವು. ಹೀಗಿರುವಲ್ಲಿ, ಅಬಾರ್ತನ ಪೆಟ್ಟಿಗೆಯಿಂದ ಆ ಕಾಲದಲ್ಲಿಯೇ ಮಾರ್ಪಟ್ಟ ಫಿಯಾಟೊಂದನ್ನು ‘ಮೂಲರೂಪಕ್ಕೆ’ ತರುವೆನೆಂದು ಹೊರಟು 13 ಅಶ್ವಶಕ್ತಿಗೆ ಇಳಿಸುವವನನ್ನು ಜೀರ್ಣೋದ್ಧಾರಕನೆನ್ನಬೇಕೋ ವಿಧ್ವಂಸಕನೆನ್ನಬೇಕೋ?

ಚಿಸಿತಾಲಿಯಾದ ಹೆಸರು ಬಂದುದರಿಂದ ಒಂದು ಮಾತು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 1951ರಲ್ಲಿ ಎಂಟು ಕಾರುಗಳನ್ನು ಶಿಲ್ಪಗಳಂತೆ ಪ್ರದರ್ಶಿಸಿದಾಗ ಅವುಗಳಲ್ಲಿ ಒಂದಾಗಿದ್ದ ಚಿಸಿತಾಲಿಯಾ 202ರ ಎದೆಯೊಳಗೆ ಇದ್ದುದು, ತಿದ್ದಿ ಬಲಪಡಿಸಿದ ಫಿಯಾಟ್ 1100ರ 1089 ಘನ ಸೆಂಟಿಮೀಟರಿನ ಎಂಜಿನ್ನು. ಅದರ ವಂಶಜವೇ, ಅದೇ 1089ರ ಗಾತ್ರದಲ್ಲಿ, ಮುಂಬಯಿಯ ಪ್ರೀಮಿಯರ್ ಪದ್ಮಿನಿಯೊಳಗೆ ಕುಳಿತು ನಮ್ಮ ಮಲೆನಾಡಿನ ಘಾಟಿಗಳನ್ನು ಏದುತ್ತ ಹತ್ತಿತು. ಕಲಾಕೃತಿಯೆನಿಸಿಕೊಂಡ ಕಾರಿನ ಹೃದಯವೇ ಎರವಲು ತಂದು ತಿದ್ದಿದ್ದೆಂಬುದನ್ನು ಮೂಲತ್ವವಾದಿಗಳು ಮರೆಯಬಾರದು.

ಇನ್ನು, ಮಾರ್ಪಡಿಸುವವರಲ್ಲಿ ಮೊದಲಿಗನು ಕಾರ್ಖಾನೆಯೇ. 1964ರ ಫೆರಾರಿ 275 ಜಿ.ಟಿ.ಬಿ.ಗೆ ಮೂರು ವೆಬರ್ ಕಾರ್ಬುರೇಟರುಗಳು ವಾಡಿಕೆ. ಬಯಸಿದ ಗಿರಾಕಿಗೆ ಆರು. ಮುಂದಿನ ಎಂಜಿನ್ನನ್ನೂ ಹಿಂದಿನ ಗೇರ್‌ಪೆಟ್ಟಿಗೆಯನ್ನೂ ಕೂಡಿಸುವ ತೆಳುವಾದ ದಂಡವು ತೂಕತಪ್ಪಿ ನಡುಗುವ ದೋಷವನ್ನು ಕಂಡ ಕಾರ್ಖಾನೆಯವರು 1966ರಲ್ಲಿ ಅದನ್ನು ಗಟ್ಟಿಯಾದ ಕೊಳವೆಯೊಳಗೆ ಸೇರಿಸಿದರು. ಲಂಬೊರ್ಗಿನಿ ಮಿಯುರಾದ ಕಥೆ ಇನ್ನೂ ಸ್ಪಷ್ಟವಾದುದು: ಅದರ ಎಂಜಿನ್ನೂ ಗೇರ್‌ಪೆಟ್ಟಿಗೆಯೂ ಒಂದೇ ಎರಕದಲ್ಲಿದ್ದು ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತಿದ್ದುದರಿಂದ, ಗೇರಿನ ಹಲ್ಲು ಸವೆದು ಉದುರಿದ ಲೋಹದ ಪುಡಿಯು ಎಂಜಿನ್ನಿನ ಬೇರಿಂಗುಗಳಿಗೆ ವಿಷವಾಗುವ ಭಯವಿದ್ದಿತು, 1971ರ ಎಸ್.ವಿ. ಮಾದರಿಯ ಕೊನೆಯ ಕಾರುಗಳಲ್ಲಿ ಎಣ್ಣೆಯನ್ನು ಬೇರ್ಪಡಿಸಿದರು. ಮೊದಲಿನ ಮಿಯುರಾವೊಂದರ ಒಡೆಯನು ಇಂದು ಈ ಬೇರ್ಪಾಟನ್ನು ಮಾಡಿಸಿಕೊಂಡರೆ, ಅವನು ಕವಿಯ ಎರಡನೆಯ ಪರಿಷ್ಕರಣದಿಂದ ಒಂದು ಸಾಲನ್ನು ಮೊದಲನೆಯದಕ್ಕೆ ತಂದಿದ್ದಾನೆ. ಅಡಿಟಿಪ್ಪಣಿಯೊಡನೆ ತಂದಿದ್ದರೆ ಅದರಲ್ಲಿ ನನಗೆ ಪಾಪವೇನೂ ಕಾಣುವುದಿಲ್ಲ.

ಜೀರ್ಣೋದ್ಧಾರದ ತತ್ತ್ವವನ್ನು ಅತಿ ಸೂಕ್ಷ್ಮವಾಗಿ ವಿವೇಚಿಸಿದವರೂ ಇಟಲಿಯವರೇ ಎಂಬುದು ಸ್ವಾರಸ್ಯದ ಸಂಗತಿ. 1939ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಜೀರ್ಣೋದ್ಧಾರದ ಕೇಂದ್ರಸಂಸ್ಥೆಯ ಮೊದಲ ನಿರ್ದೇಶಕನಾದ ಚೆಸಾರೆ ಬ್ರಾಂದಿಯು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಉಪಯೋಗದ ವಸ್ತುವನ್ನು ಸರಿಪಡಿಸುವುದೆಂದರೆ ಅದರ ಕ್ರಿಯಾಶಕ್ತಿಯನ್ನು ಮರಳಿಸುವುದೆಂದೂ, ಕಲಾಕೃತಿಯ ವಿಷಯದಲ್ಲಿ ಕ್ರಿಯೆಯು ಗೌಣವೆಂದೂ ಆರಂಭದಲ್ಲಿಯೇ ಭೇದಗೈದನು. ಭಿತ್ತಿಚಿತ್ರದ ಬಣ್ಣ ಉದುರಿದ ಕಡೆ ಅವನ ಶಿಷ್ಯರು ತೆಳುವಾದ ಉದ್ದಗೆರೆಗಳನ್ನು ಎಳೆದು ತುಂಬುತ್ತಿದ್ದರು. ದೂರದಿಂದ ನೋಡಿದವನಿಗೆ ಚಿತ್ರ ಅಖಂಡ, ಹತ್ತಿರ ಬಂದವನಿಗೆ ಯಾವುದು ಹಳತು ಯಾವುದು ಹೊಸತೆಂಬುದು ಸ್ಪಷ್ಟ. ಮರುವರ್ಷದ ವೆನಿಸ್ ಸನ್ನದು, ಕಟ್ಟಡವೊಂದಕ್ಕೆ ಬೇರೆ ಬೇರೆ ಕಾಲಗಳು ಸೇರಿಸಿದ ಯೋಗ್ಯವಾದ ಅಂಶಗಳನ್ನೆಲ್ಲ ಗೌರವಿಸಬೇಕೆಂದೂ, ಊಹೆ ಆರಂಭವಾಗುವಲ್ಲಿ ಉದ್ಧಾರಕಾರ್ಯವು ನಿಲ್ಲಬೇಕೆಂದೂ ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2013ರಲ್ಲಿ ಅಂಗೀಕರಿಸಿದ ಟೂರಿನ್ ಸನ್ನದು ಈ ವೆನಿಸ್ ಸನ್ನದಿನ ಮಗುವೇ.

ಆದರೆ ಕ್ರೀಡಾಕಾರು ಬ್ರಾಂದಿಯ ಯಾವ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು? 2019ರಲ್ಲಿ ಬೊಲೋನ್ಯದ ನ್ಯಾಯಾಲಯವು 250 ಜಿ.ಟಿ.ಓ. ಒಂದು ಕಲಾಕೃತಿಯೆಂದೂ ಅದರ ನಕಲುಗಳನ್ನು ಮಾಡಬಾರದೆಂದೂ ತೀರ್ಪಿತ್ತಿತು. ತೀರ್ಪನ್ನು ಒಪ್ಪಿಕೊಂಡರೂ, ಓಡದೆ ನಿಂತ ಜಿ.ಟಿ.ಓ. ಅರ್ಧ ಜಿ.ಟಿ.ಓ. ಮಾತ್ರ ಎಂಬ ಭಾವನೆ ಉಳಿದೇ ಉಳಿಯುತ್ತದೆ. ಹಾಡದ ವೀಣೆಯನ್ನು ಮರದ ಕೆತ್ತನೆಗಾಗಿ ಮಾತ್ರ ಮೆಚ್ಚುವವರು ವಿರಳ. ಕ್ರಿಯೆಯೇ ರೂಪದ ಅಂಗವಾಗಿರುವ ಇಂತಹ ವಸ್ತುವಿಗೆ ಬ್ರಾಂದಿಯ ಎರಡು ವಿಧಿಗಳೂ ಏಕಕಾಲದಲ್ಲಿ ಅನ್ವಯಿಸುವುದರಿಂದಲೇ ಈ ವಿವಾದವು ಇತ್ಯರ್ಥವಾಗದೆ ಉಳಿದಿದೆ.

ಪೇಟೆಯು ಈ ತತ್ತ್ವಗಳಿಗಾಗಿ ಕಾಯಲಿಲ್ಲ. ಫೆರಾರಿ ಕಾರ್ಖಾನೆಯು ತನ್ನ ‘ಕ್ಲಾಸಿಕೆ’ ವಿಭಾಗವನ್ನು 2006ರಲ್ಲಿ ತೆರೆದು, ಚಾಸಿ, ಎಂಜಿನ್ನು, ಗೇರ್‌ಪೆಟ್ಟಿಗೆಗಳ ಸಂಖ್ಯೆಗಳು ದಾಖಲೆಗೆ ಹೊಂದುತ್ತವೆಯೆ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಆರಂಭಿಸಿತು; ಲಂಬೊರ್ಗಿನಿಯ ‘ಪೋಲೊ ಸ್ಟೋರಿಕೊ’ 2015ರಲ್ಲಿ ಅದೇ ದಾರಿ ಹಿಡಿಯಿತು. ಆದರೂ ಹಣವುಳ್ಳವರು ಇತಿಹಾಸವುಳ್ಳ ಮಾರ್ಪಾಟನ್ನು ದೋಷವೆಂದೆಣಿಸಿಲ್ಲ. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋದ 3413ನೆಯ ಚಾಸಿಯ ಜಿ.ಟಿ.ಓ., 1962ರ ಕವಚವನ್ನು ಕಳಚಿ 1964ರ ಕವಚವನ್ನು ಸ್ಕಾಲ್ಯೆತ್ತಿಯ ಕಮ್ಮಟದಲ್ಲಿ ತೊಟ್ಟುಕೊಂಡದ್ದು. 2014ರಲ್ಲಿ ಪೆಬ್ಬಲ್ ಬೀಚಿನ ಪ್ರದರ್ಶನದಲ್ಲಿ ಅಗ್ರಪ್ರಶಸ್ತಿ ಪಡೆದ 375 ಎಂ.ಎಂ. ಕಾರು, ಚಲನಚಿತ್ರಕಾರ ರೊಬೆರ್ತೊ ರೊಸೆಲ್ಲಿನಿಯದಾಗಿದ್ದಾಗ ಅಪಘಾತಕ್ಕೀಡಾಗಿ, ಪಿನಿನ್ ಫರೀನಾದ ತೆರೆದ ಮೈಯನ್ನು ಬಿಟ್ಟು ಸ್ಕಾಲ್ಯೆತ್ತಿಯ ಮುಚ್ಚಿದ ಮೈಯನ್ನು ಪಡೆದದ್ದು. ಎರಡೂ ಪಾಠಾಂತರಗಳು, ಎರಡಕ್ಕೂ ಕೈಯೂ ಕಾಲವೂ ತಿಳಿದಿವೆ.

ಪ್ರಕ್ಷೇಪದ ಅತಿ ದುಃಖಕರವಾದ ಉದಾಹರಣೆಯನ್ನು ಹುಡುಕುವವರು 250 ಜಿ.ಟಿ.ಇ. ಎಂಬ ಕಾರಿನ ಚರಿತ್ರೆಯನ್ನು ನೋಡಬೇಕು. 1960ರಿಂದ 1963ರ ವರೆಗೆ ಸುಮಾರು 950ರಷ್ಟು ತಯಾರಾದ, ನಾಲ್ವರು ಕುಳಿತುಕೊಳ್ಳಬಹುದಾದ ಈ ಸಂಸಾರಸ್ಥ ಫೆರಾರಿಗೆ ಬಹುಕಾಲ ಬೆಲೆಯಿರಲಿಲ್ಲ; ಆದರೆ ಅದರೊಳಗಿದ್ದುದು ಜಿ.ಟಿ.ಓ.ವಿನ ವಂಶದ್ದೇ ಆದ ಮೂರು ಲೀಟರಿನ ಹನ್ನೆರಡು ಸಿಲಿಂಡರುಗಳ ಎಂಜಿನ್ನು. ಅದರ ಚಕ್ರಗಳ ನಡುವಣ ಅಂತರ 2600 ಮಿಲಿಮೀಟರು, ಜಿ.ಟಿ.ಓ.ವಿನದು 2400. ಈ 200 ಮಿಲಿಮೀಟರನ್ನು ಕತ್ತರಿಸಿ ತೆಗೆದು, ಮೇಲೆ ಹೊಸ ಅಲ್ಯೂಮಿನಿಯಮ್ ಕವಚವನ್ನು ಹೊದಿಸಿ, ಎಷ್ಟೋ ಜಿ.ಟಿ.ಇ.ಗಳನ್ನು ಹುಸಿ ಜಿ.ಟಿ.ಓ.ಗಳನ್ನಾಗಿ ಮಾಡಿದರು. ಒಂದು ಕೃತಿಯ ಓಲೆಗಳನ್ನು ಕೆರೆದು ಅಳಿಸಿ, ಆ ಓಲೆಗಳ ಮೇಲೆಯೇ ಪ್ರಸಿದ್ಧವಾದ ಇನ್ನೊಂದು ಕೃತಿಯನ್ನು ಬರೆದು, ಇದು ಕವಿಯ ಸ್ವಹಸ್ತಪ್ರತಿಯೆಂದು ತೋರಿಸಿದಂತಾಯಿತು. ವೇಗ ಹೆಚ್ಚಿತೆಂಬುದು ನಿಜವಿರಬಹುದು, ಹೋದ ಜಿ.ಟಿ.ಇ. ಮರಳುವುದಿಲ್ಲ.

ಇಷ್ಟು ದುಬಾರಿಯಲ್ಲದ, ಆದುದರಿಂದ ಹೆಚ್ಚು ಜನರ ಕೈಗೆ ಬರುವ ಪ್ರಸಂಗವೊಂದು ಆಲ್ಫಾ ರೊಮಿಯೊವಿನದು. ಅಮೆರಿಕದ ಹೊಗೆನಿಯಮಗಳಿಗೆ ಹೊಂದಿಕೊಳ್ಳಲೆಂದು, ಅಲ್ಲಿಗೆ ಹೋಗುವ ಆಲ್ಫಾಗಳಿಗೆ 1969ರ ಮಾದರಿಯಿಂದ ಸ್ಪೀಕಾ ಸಂಸ್ಥೆಯ ಯಾಂತ್ರಿಕ ಇಂಧನ ಪಂಪನ್ನು ಜೋಡಿಸಿದರು. ಎಂಜಿನ್ನಿನ ಮಗ್ಗುಲಲ್ಲಿ ಹಲ್ಲುಪಟ್ಟಿಯಿಂದ ತಿರುಗುವ ಇದು ತಾನೇ ಒಂದು ಚಿಕ್ಕ ಎಂಜಿನ್ನಿನಂತಿದೆ: ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಪುಟ್ಟ ಕೊಂತಗಳು, ಅವು ಹೊರದೂಡುವ ಇಂಧನದ ಪ್ರಮಾಣವನ್ನು ನಿರ್ಣಯಿಸಲು, ಪೆಡಲಿನ ಒತ್ತಡಕ್ಕೂ ಎಂಜಿನ್ನಿನ ವೇಗಕ್ಕೂ ಅನುಸಾರವಾಗಿ ತಿರುಗುತ್ತಲೂ ಜಾರುತ್ತಲೂ ಇರುವ ಶಂಕುವಿನಾಕಾರದ ಕ್ಯಾಮ್ ಒಂದು, ನೀರಿನ ಉಷ್ಣತೆಯನ್ನು ತಿಳಿಸಲು ಸೂಕ್ಷ್ಮನಾಳವೊಂದು. ಗಣಕಯಂತ್ರವು ಲೆಕ್ಕಹಾಕುವುದನ್ನೆಲ್ಲ ಉಕ್ಕಿನ ಮೇಲ್ಮೈಯಲ್ಲಿ ಕೆತ್ತಿಟ್ಟ ಕೋಷ್ಟಕವೆಂದು ಇದನ್ನು ವರ್ಣಿಸಬಹುದು. ಇದರ ಮರ್ಮವನ್ನರಿಯದ ರಿಪೇರಿಯವರು ಸಿಕ್ಕಿದ ತಿರುಪನ್ನೆಲ್ಲ ತಿರುಗಿಸಿ ಕೆಡಿಸಿದರು. ಕೆಟ್ಟದ್ದರ ಅಪವಾದ ಪಂಪಿನ ತಲೆಗೆ ಬಂತು. ಒಡೆಯರು ಅದನ್ನು ಕಿತ್ತು, ಯೂರೋಪಿನ ಆಲ್ಫಾಗಳಲ್ಲಿದ್ದಂತೆ ಎರಡು ವೆಬರ್ ಕಾರ್ಬುರೇಟರುಗಳನ್ನು ಕೂಡಿಸಿ, ಕಾರು ‘ಶುದ್ಧ ಇಟಾಲಿಯನ್’ ಆಯಿತೆಂದು ಹಿಗ್ಗಿದರು. ಸರಿಯಾಗಿ ಹೊಂದಿಸಿದ ಸ್ಪೀಕಾ ಪಂಪು ಕಾರ್ಬುರೇಟರಿಗೆ ಸೋಲುವುದಿಲ್ಲವೆಂಬುದನ್ನು ಬಲ್ಲವರು ಬಲ್ಲರು. ಮೂಲವನ್ನು ತೆಗೆದು ಮೂಲದಂತೆ ಕಾಣುವುದನ್ನು ಕೂಡಿಸಿದ ಈ ವ್ಯವಹಾರದಲ್ಲಿ, ಮಾರ್ಪಾಟಿಗೆ ಕಾರಣವಾದದ್ದು ವೇಗದಾಸೆಗಿಂತ ಹೆಚ್ಚಾಗಿ ಅಜ್ಞಾನವೆಂದೇ ನಾನು ಹೇಳುವೆನು.

ಇತ್ತೀಚೆಗೆ ಹಳೆಯ ಲಾನ್ಚಿಯಾ, ಆಲ್ಫಾಗಳ ಒಡಲನ್ನು ಕಾರ್ಬನ್ ನಾರಿನಿಂದ ಹೊಸದಾಗಿ ಹೊಸೆಯುವ ಉದ್ಯಮಗಳು ಹುಟ್ಟಿಕೊಂಡಿವೆ. ಅವುಗಳ ಕುಶಲತೆಗೆ ನನ್ನ ನಮಸ್ಕಾರವುಂಟು. ಅವು ಹೊಸ ಕೃತಿಗಳೆಂದು ಘೋಷಿಸಿಕೊಂಡೇ ಬರುವುದರಿಂದ ಇಲ್ಲಿ ಚರ್ಚೆಗೆ ವಿಷಯವಾಗುವುದಿಲ್ಲ, ಹಳೆಯ ಚಾಸಿಯನ್ನು ಆಹುತಿ ತೆಗೆದುಕೊಳ್ಳುವುದೊಂದನ್ನು ಬಿಟ್ಟು.

2819ನೆಯ ಚಾಸಿ ಚೌಕಬಾಲದೊಡನೆಯೇ ಇರತಕ್ಕದ್ದು. ಆ ವಿಷಯದಲ್ಲಿ ನನಗೆ ಸಂಶಯವಿಲ್ಲ. ಇನ್ನು, ತಮ್ಮ ಆಲ್ಫಾದ ಪಂಪನ್ನೋ ಮಿಯುರಾದ ಎಣ್ಣೆಪಾತ್ರೆಯನ್ನೋ ಬದಲಿಸಿಯೇ ತೀರುವೆವೆನ್ನುವವರಲ್ಲಿ ಒಂದು ಬಿನ್ನಹ: ಹೊಸ ರಂಧ್ರ ಕೊರೆಯದೆ ಕೆಲಸ ಮಾಡಿಸಿರಿ, ಕಿತ್ತ ಭಾಗಗಳಿಗೆ ಎಣ್ಣೆ ಸವರಿ, ದಿನಾಂಕವನ್ನೂ ಮಾಡಿದವರ ಹೆಸರನ್ನೂ ಚೀಟಿಯಲ್ಲಿ ಬರೆದು ಕಟ್ಟಿ, ಹೊಸ ಭಾಗಗಳು ಬಂದ ಪೆಟ್ಟಿಗೆಯಲ್ಲಿಯೇ ಅವನ್ನು ತುಂಬಿ ಅಟ್ಟದ ಮೇಲೆ ಇಡಿರಿ, ಕಾರನ್ನು ಮಾರುವ ದಿನ ಆ ಪೆಟ್ಟಿಗೆಯನ್ನೂ ಜೊತೆಗೆ ಕೊಡಿರಿ.