‘ಓರಿಕ್ಸ್’ ಪದದ ನಿಷ್ಪತ್ತಿ: ಒಂದು ಮರುಪರಿಶೀಲನೆ

ಅರೇಬಿಯಾ ಮತ್ತು ಆಫ್ರಿಕಾದ ಒಣನೆಲಗಳಲ್ಲಿ ಬದುಕುವ, ನೀಳವಾದ ಚೂಪುಕೊಂಬುಗಳುಳ್ಳ ದೊಡ್ಡ ಚಿಗರೆಗಳ ಕುಲಕ್ಕೆ ‘ಓರಿಕ್ಸ್’ ಎಂಬ ಶಾಸ್ತ್ರೀಯ ನಾಮವನ್ನು 1816ರಲ್ಲಿ ಬ್ಲೇನ್‌ವಿಲ್ ಸ್ಥಿರಗೊಳಿಸಿದನು. ಪದ ಗ್ರೀಕಿನದು. ಆ ಭಾಷೆಯಲ್ಲಿ ‘ಒರುಕ್ಸ್’ ಎಂದರೆ ಪಿಕಾಸಿ. ಅಗೆಯುವುದು ಎಂಬರ್ಥದ ‘ಒರುಸ್ಸೊ’ ಕ್ರಿಯಾಪದಕ್ಕೆ ಅದು ಸಂಬಂಧಿಸಿದೆ. ಕೊಂಬು ಪಿಕಾಸಿಯಂತಿರುವುದರಿಂದ ಪ್ರಾಣಿಗೆ ಆ ಹೆಸರು ಬಂದಿತೆಂಬುದು ನಿಘಂಟುಗಳು ಸಾಮಾನ್ಯವಾಗಿ ಕೊಡುವ ವಿವರಣೆ. ಈ ನಿಷ್ಪತ್ತಿ ಎಷ್ಟು ದೃಢವಾದುದು ಎಂಬುದೇ ಇಲ್ಲಿನ ಪ್ರಶ್ನೆ.

ಕ್ರಿ.ಪೂ. 5ನೆಯ ಶತಮಾನದ ಹೆರೊಡೊಟಸ್ ಲಿಬಿಯದ ಪ್ರಾಣಿಗಳನ್ನು ಪಟ್ಟಿಮಾಡುವಾಗ ‘ಒರುಎಸ್’ ಎಂಬ ಬಹುವಚನರೂಪವನ್ನು ಬಳಸುತ್ತಾನೆ. ಪ್ರಾಣಿ ಎತ್ತಿನಷ್ಟು ದೊಡ್ಡದೆಂದೂ ಅದರ ಕೊಂಬಿನಿಂದ ಒಂದು ಬಗೆಯ ತಂತಿವಾದ್ಯದ ತೋಳುಗಳನ್ನು ಮಾಡುತ್ತಾರೆಂದೂ ತಿಳಿಸುತ್ತಾನೆ. ಗಮನಿಸಬೇಕಾದುದು ಪದರೂಪವನ್ನು. ಪಿಕಾಸಿಯ ಅರ್ಥದ ಪ್ರಾತಿಪದಿಕ ಗಕಾರಾಂತ. ಅದರ ಷಷ್ಠೀರೂಪ ‘ಒರುಗೊಸ್’. ಹೆರೊಡೊಟಸನ ರೂಪದಲ್ಲಿ ಆ ಗಕಾರವಿಲ್ಲ. ಹಾಗಾದರೆ ಪರಭಾಷೆಯ ಹೆಸರೊಂದು ಗ್ರೀಕರ ಕಿವಿಗೆ ಬಿದ್ದು, ಅನಂತರ ಪರಿಚಿತವಾದ ಪಿಕಾಸಿಯ ಪದಕ್ಕೆ ಹೊಂದಿಕೊಂಡಿರಬಹುದು. ಇದು ಜನಪದ ನಿಷ್ಪತ್ತಿಯ ಚಿರಪರಿಚಿತ ಮಾರ್ಗ. ಒಂದೇ ಪ್ರಯೋಗದ ಮೇಲೆ ತೀರ್ಮಾನ ನಿಲ್ಲದು. ಆದರೆ ರೂಪಕದ ವಿವರಣೆಯನ್ನು ಪ್ರಶ್ನಾತೀತವೆಂದು ಒಪ್ಪಲು ಅದು ಬಿಡುವುದೂ ಇಲ್ಲ.

ಈ ಪ್ರಾಣಿಯೊಡನೆ ಒಂದೇ ನೆಲದಲ್ಲಿ ಬಾಳಿದವರ ಹೆಸರುಗಳು ಬೇರೊಂದು ಲಕ್ಷಣವನ್ನು ಹಿಡಿದಿವೆ. ಪ್ರಾಚೀನ ಈಜಿಪ್ಟಿನ ‘ಮಾ-ಹೆಜ್’ ಎಂಬುದರ ಉತ್ತರಪದಕ್ಕೆ ಬಿಳುಪು ಎಂದರ್ಥ. ಅರಬ್ಬಿಯ ‘ವುದೈಹಿ’ ಹೊಳಪನ್ನೂ ಸ್ಪಷ್ಟತೆಯನ್ನೂ ಸೂಚಿಸುವ ಧಾತುವಿನಿಂದ ಬಂದುದು. ಅವರಿಗೆ ಕಂಡದ್ದು ಬಣ್ಣ. ಗ್ರೀಕರಿಗಾದರೋ ಪ್ರಾಣಿ ದೂರದ್ದು. ಹೆರೊಡೊಟಸನ ವಿವರಣೆಯಲ್ಲಿಯೂ ಎದ್ದು ಕಾಣುವುದು ಕೊಂಬಿನ ಉಪಯೋಗವೇ.

ರೂಪಸಾಮ್ಯವನ್ನು ನೆಚ್ಚಿ ಪ್ರಾಣಿಯನ್ನು ಗುರುತಿಸುವುದರಲ್ಲಿರುವ ಅಪಾಯಕ್ಕೆ ಸೆಮಿಟಿಕ್ ಭಾಷೆಗಳೂ ಸಾಕ್ಷಿ. ಅಕ್ಕಾಡಿಯನ್ನಿನ ‘ರೀಮು’ ಕಾಡುಗೂಳಿ; ಹೀಬ್ರೂವಿನ ‘ರೆಏಮ್’ ಕೂಡ ಅದೇ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಅವುಗಳ ಜ್ಞಾತಿಪದವಾದ ಅರಬ್ಬಿಯ ‘ರಿಅಮ್’ ಮಾತ್ರ ಬಿಳಿಯ ಚಿಗರೆ. ಇನ್ನು ಗ್ರೀಕ್ ಸೆಪ್ಟುಅಜಿಂಟ್ ಅನುವಾದಕರು ‘ರೆಏಮ್’ ಪದವನ್ನು ‘ಮೊನೊಕೆರೋಸ್’, ಅಂದರೆ ಒಂಟಿಕೊಂಬಿನದು, ಎಂದು ಭಾಷಾಂತರಿಸಿದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ‘ಯೂನಿಕಾರ್ನ್’ ಆಯಿತು. ಓರಿಕ್ಸ್ ಒಂಟಿಕೊಂಬಿನದೆಂದು ಅರಿಸ್ಟಾಟಲನೂ ಬರೆದಿದ್ದಾನೆ. ಸಂಸ್ಕೃತದ ‘ಮೃಗ’ಕ್ಕೂ ಹಕ್ಕಿ ಎಂಬರ್ಥದ ಪಾರಸಿಯ ‘ಮುರ್ಗ್’ಗೂ ಇರುವ ಜ್ಞಾತಿತ್ವವನ್ನು ಬಲ್ಲವರಿಗೆ ಇಂತಹ ಅರ್ಥಪಲ್ಲಟ ಹೊಸತಲ್ಲ.

ಪದಗಳ ಬಾಂಧವ್ಯ ಧ್ವನಿನಿಯಮಗಳಿಂದ ಸಿದ್ಧವಾಗುತ್ತದೆ. ಪ್ರಾಣಿಯ ಗುರುತು ಅದರಿಂದಲೇ ಸಿದ್ಧವಾಗದು. ಅದಕ್ಕೆ ಪ್ರಾಣಿಗಳ ಭೂಗೋಳ, ಚಿತ್ರ, ಎಲುಬುಗಳ ಸಾಕ್ಷ್ಯ ಬೇಕು. ಕನ್ನಡ ನಿಘಂಟಿನಲ್ಲಿ ‘ಓರಿಕ್ಸ್’ ನಮೂದಿಸುವವರು ‘ಗ್ರೀಕ್, ಪಿಕಾಸಿ’ ಎಂದು ಬರೆಯಬಹುದು. ಆದರೆ ಅದರ ಮುಂದೆ ‘ಪ್ರಾಯಶಃ’ ಎಂಬ ಒಂದು ಪದವನ್ನು ಸೇರಿಸುವುದು ನ್ಯಾಯ.