ಊಟದ ಬೆಲ್ ಹೊಡೆದ ಮೇಲೆ

ನಮ್ಮ ಪ್ರೌಢಶಾಲೆಯ ಐವತ್ತು ವರ್ಷಗಳ ಇತಿಹಾಸ ಎಂದರೆ ಕಟ್ಟಡ, ಮುಖ್ಯೋಪಾಧ್ಯಾಯರು, ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಾಗುತ್ತವೆ. ಮಧ್ಯಾಹ್ನದ ಊಟಕ್ಕೂ ಒಂದು ಇತಿಹಾಸವಿದೆ.

ನಮಗಿಂತ ಹಿರಿಯರು ಪ್ರಾಥಮಿಕ ಶಾಲೆಯಲ್ಲಿ ತಿಂದ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟನ್ನು ಈಗಲೂ ನೆನೆಯುತ್ತಾರೆ. 1995ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ, ಶಾಲೆಗೆ ತಪ್ಪದೆ ಬರುವ ಪ್ರಾಥಮಿಕ ತರಗತಿಯ ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಸಿಗುತ್ತಿತ್ತು. ನಾನೂ ಚೀಲ ಹಿಡಿದು ಸಾಲಿನಲ್ಲಿ ನಿಂತವನೇ. ಪ್ರೌಢಶಾಲೆಯಲ್ಲಿ ಅದೂ ಇರಲಿಲ್ಲ. ಮನೆಯಿಂದ ತಂದ ಡಬ್ಬಿಯೇ ಗತಿ.

ನಾನಿಲ್ಲಿ ಓದಿದ್ದು 2001ರಿಂದ 2004ರವರೆಗೆ. ಅವ್ವ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಡುತ್ತಿದ್ದಳು. ಅನ್ನ ತರುವವರ ಮುಂದೆ ಕಪ್ಪು ರೊಟ್ಟಿ ತೆಗೆಯಲು ನಾಚಿಕೊಂಡು, ಮುಚ್ಚಳ ಅಡ್ಡ ಹಿಡಿದು ತಿನ್ನುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದವನಿಗೆ ಡಬ್ಬಿಯೇ ಇರಲಿಲ್ಲ. ಬೆಲ್ ಹೊಡೆದ ಕೂಡಲೇ "ನಂಗೆ ಹಸಿವಿಲ್ಲ ಕಣೋ" ಎಂದು ನಲ್ಲಿಯ ಕಡೆ ಹೋಗುತ್ತಿದ್ದ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟ. ಒಂದು ದಿನವೂ ನಾನು ಅವನಿಗೆ ಅರ್ಧ ರೊಟ್ಟಿ ಮುರಿದುಕೊಡಲಿಲ್ಲ.

2002ರ ಜೂನ್‌ನಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮರುವರ್ಷ ನಮ್ಮ ಕಡೆಗೂ ಬಂತು. ಮೊದಲು ಐದನೇ ತರಗತಿವರೆಗೆ, 2004ರಲ್ಲಿ ಏಳರವರೆಗೆ, 2007ರಲ್ಲಿ ಹತ್ತರವರೆಗೆ ಬಿಸಿಯೂಟ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು, ಆಮೇಲೆ ಮೊಟ್ಟೆ, ಬಾಳೆಹಣ್ಣು. ನನ್ನ ಗೆಳೆಯ ಆರು ವರ್ಷ ತಡವಾಗಿ ಹುಟ್ಟಿದ್ದರೆ ನಲ್ಲಿಯ ಬಳಿ ಹೋಗಬೇಕಾಗಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಮಗಳ ಡಬ್ಬಿ ತುಂಬುವವನು ನಾನೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಓದು ಬರದ ಅವ್ವ ಕಟ್ಟಿದ್ದೇ ಸರಿಯಾದ ಊಟ. ಅಂದು ಮುಚ್ಚಿಟ್ಟ ರೊಟ್ಟಿಯನ್ನೇ ಇಂದು ಕಾಳುಪಲ್ಯದೊಂದಿಗೆ ಮಗಳಿಗೆ ಕಟ್ಟುತ್ತೇನೆ. ಪಕ್ಕದಲ್ಲಿ ಕೂರುವವರಿಗೂ ಇರಲಿ ಎಂದು ಒಂದು ರೊಟ್ಟಿ ಹೆಚ್ಚಿಗೆ ಇಡುತ್ತೇನೆ.

ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನದೊಂದು ಕೋರಿಕೆ. ಶಾಲೆಯ ಗೋಡೆಯ ಮೇಲೆ ಮುಖ್ಯೋಪಾಧ್ಯಾಯರ, ದಾನಿಗಳ ಹೆಸರಿನ ಫಲಕಗಳಿವೆ. 2007ರಿಂದ ಇಲ್ಲಿ ಅಡುಗೆ ಮಾಡಿ ಬಡಿಸಿದ ತಾಯಂದಿರ ಹೆಸರನ್ನೂ ಅಲ್ಲಿ ಬರೆಸೋಣ. ಮಕ್ಕಳನ್ನು ಮಧ್ಯಾಹ್ನದ ಮೇಲೂ ತರಗತಿಯಲ್ಲಿ ಉಳಿಸಿದವರು ಅವರು.