ಚೀನೀಯರ ಸಂಗೀತನಾಟಕ: ಹಳೆಯ ಧಾಟಿ, ಹೊಸ ರಚನೆ

ಪೀಕಿಂಗ್ ನಗರದ ಹೆಸರಿನಿಂದ ಪ್ರಸಿದ್ಧವಾದ ಚೀನೀ ಸಂಗೀತನಾಟಕವು ಅತಿ ಪ್ರಾಚೀನವಾದುದೆಂದು ಭಾವಿಸುವವರುಂಟು. ವಾಸ್ತವವಾಗಿ ಅದೂ ಒಂದು ಕಾಲದ ಹೊಸ ಬೆಸುಗೆಯೇ. ೧೭೯೦ರಲ್ಲಿ ಛಿಯೆನ್‌ಲುಂಗ್ ಚಕ್ರವರ್ತಿಯ ಎಂಬತ್ತನೆಯ ಜನ್ಮೋತ್ಸವಕ್ಕಾಗಿ ಆನ್‌ಹುಯಿ ಪ್ರಾಂತದ ನಾಟಕಮಂಡಲಿಯೊಂದು ಆ ರಾಜಧಾನಿಗೆ ಬಂದಿತು. ಬೇರೆ ಮಂಡಲಿಗಳು ಅದನ್ನು ಹಿಂಬಾಲಿಸಿದುವು. ಇವರು ತಂದ ಎರ್‌ಹುವಾಂಗ್ ಎಂಬ ಗಂಭೀರವಾದ ಧಾಟಿಯೂ, ತರುವಾಯ ಹೂಪೆಯ್ ಪ್ರಾಂತದ ಗಾಯಕರು ತಂದ ಶೀಪಿ ಎಂಬ ಚುರುಕಾದ ಧಾಟಿಯೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದೇ ರಂಗದ ಮೇಲೆ ಕೂಡಿಕೊಂಡುವು.

ಈ ಪದ್ಧತಿಯಲ್ಲಿ ಸಂಗೀತವನ್ನು ಬರೆದುಕೊಡುವ ಪ್ರತ್ಯೇಕ ರಚನಕಾರನು ಸಾಮಾನ್ಯವಾಗಿ ಇರಲಿಲ್ಲ. ಧಾಟಿಯು ಎಲ್ಲರಿಗೂ ಪರಿಚಿತವಾದುದೇ. ಅದನ್ನೇ ಸಂದರ್ಭಾನುಸಾರವಾಗಿ ವಿಳಂಬ, ಮಧ್ಯ, ದ್ರುತಗತಿಗಳಲ್ಲಿ ಹಿಗ್ಗಿಸಿ ಕುಗ್ಗಿಸಿ, ಕೆಲವೆಡೆ ತಾಳದ ಕಟ್ಟಿಲ್ಲದೆಯೂ ಹಾಡುತ್ತಿದ್ದರು. ಚೀನೀ ನುಡಿಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುವುದು. ಆದಕಾರಣ ನಟನೂ, ಜಿಂಗ್‌ಹು ಎಂಬ ಎರಡು ತಂತಿಯ ಬಿದಿರಿನ ಪಿಟೀಲನ್ನು ನುಡಿಸುವವನೂ ಜೊತೆಯಾಗಿ ಕುಳಿತು ಪದಗಳನ್ನು ಧಾಟಿಗೆ ಹೊಂದಿಸುತ್ತಿದ್ದರು.

ಸ್ತ್ರೀಪಾತ್ರಗಳಿಗೆ ಹೆಸರಾದ ಮೇಯ್ ಲಾನ್‌ಫಾಂಗ್ (೧೮೯೪–೧೯೬೧) ಎಂಬ ನಟನು ಈ ಮಾರ್ಗದಲ್ಲಿಯೇ ಹೊಸತನ್ನು ಸಾಧಿಸಿದನು. ೧೯೨೦ರ ದಶಕದಲ್ಲಿ ಆತನೂ ಆತನ ವಾದಕರೂ ಜಿಂಗ್‌ಹುವಿನ ತೀಕ್ಷ್ಣನಾದದ ಜೊತೆಗೆ, ಮಂದ್ರವಾದ ಎರ್‌ಹು ವಾದ್ಯವನ್ನು ಸೇರಿಸಿದರು. ಹಾಡಿಗೆ ಮಾರ್ದವವು ಬಂದಿತು, ಧಾಟಿಯು ಕೆಡಲಿಲ್ಲ. ಇತರರೂ ತಾವಾಗಿಯೇ ಅದನ್ನು ಸ್ವೀಕರಿಸಿದರು.

೧೯೬೬ರಿಂದ ೧೯೭೬ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸ್ಥಿತಿಯು ಬೇರೆಯಾಯಿತು. ಹಳೆಯ ನಾಟಕಗಳು ರಂಗದಿಂದ ಬಹಿಷ್ಕೃತವಾದುವು. ಸರ್ಕಾರವು ಒಪ್ಪಿದ ಕೆಲವೇ ‘ಆದರ್ಶ’ ನಾಟಕಗಳು ಉಳಿದುವು. ಷಾಂಘಾಯಿ ಸಂಗೀತವಿದ್ಯಾಲಯದ ಅಧ್ಯಾಪಕ ಯೂ ಹುಯಿಯುಂಗ್ ಎಂಬಾತನು ಇವುಗಳ ಪ್ರಮುಖ ರಚನಕಾರ. ಶೀಪಿ, ಎರ್‌ಹುವಾಂಗ್‌ಗಳನ್ನು ಬಿಡದೆ, ಪಾಶ್ಚಾತ್ಯ ವಾದ್ಯವೃಂದವನ್ನು ಕೂಡಿಸಿ, ನಾಯಕಪಾತ್ರಕ್ಕೆ ಮರಳಿಮರಳಿ ಬರುವ ಸ್ವರಗುಚ್ಛವನ್ನು ಕಲ್ಪಿಸಿದನು. ಆತನ ಪಾಂಡಿತ್ಯವು ಅಲ್ಲಗಳೆಯತಕ್ಕುದಲ್ಲ. ಆದರೆ ಪ್ರತಿಯೊಂದು ಸ್ವರವೂ ಲಿಖಿತವಾಗಿ ನಿಶ್ಚಿತವಾದುದರಿಂದ, ನಟನು ತನ್ನ ಮನೋಧರ್ಮವನ್ನು ತೋರಲು ಎಡೆಯಿಲ್ಲದೆ ಹೋಯಿತು. ೧೯೭೫ರಲ್ಲಿ ಸಂಸ್ಕೃತಿಮಂತ್ರಿಯಾದ ಯೂ, ಅಧಿಕಾರವು ಉರುಳಿದೊಡನೆ ಬಂಧಿತನಾಗಿ, ೧೯೭೭ರಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಬಹಿಷ್ಕೃತವಾಗಿದ್ದ ನಾಟಕಗಳು ಬಳಿಕ ರಂಗಕ್ಕೆ ಮರಳಿದುವು. ಯೂ ರಚಿಸಿದ ಹಾಡುಗಳೂ ಅಳಿಯಲಿಲ್ಲ. ಅವನ್ನು ಇಂದಿಗೂ ಹಾಡುವವರುಂಟು. ಆತನ ನಾವೀನ್ಯದಲ್ಲಿ ಸತ್ವವಿದ್ದಿತೆಂಬುದಕ್ಕೆ ಇದೇ ಸಾಕ್ಷಿ. ಎರ್‌ಹುವನ್ನು ಬೇಡವೆನ್ನುವ ಸ್ವಾತಂತ್ರ್ಯವು ಮೇಯ್‌ನ ಕಾಲದ ನಟನಿಗೆ ಇದ್ದಿತು; ಯೂನ ಕಾಲದ ನಟನಿಗೆ ಅಂತಹ ಸ್ವಾತಂತ್ರ್ಯವು ಇರಲಿಲ್ಲ. ಕೊರತೆಯಿದ್ದುದು ಅಲ್ಲಿ.